ಯಾರಿಗೆ, ಯಾವಾಗ, ಎಲ್ಲಿ: ಒಂದು ಅಗ್ಗದ ಔಷಧದ ಕಥೆ



ವೈದ್ಯಕೀಯದ ಬೇರೆ ಬೇರೆ ವಿಭಾಗಗಳಲ್ಲಿ ಈಚೆಗೆ ನಡೆದ ಸಂಶೋಧನೆಯ ಬಗ್ಗೆ ಮಾತನಾಡಬೇಕೆಂದು ಈ ದತ್ತಿ ಉಪನ್ಯಾಸದ ಸಂಘಟಕರು ಕೇಳಿದ್ದಾರೆ. ಹೃದಯ, ಮಿದುಳು, ಮೂತ್ರಪಿಂಡ, ಕ್ಯಾನ್ಸರ್ ಎಂದು ಒಂದು ಗಂಟೆಯಲ್ಲಿ ಎಲ್ಲವನ್ನೂ ಸುತ್ತಿ ಬಂದರೆ ಅದು ಪಟ್ಟಿಯಾಗುತ್ತದೆ, ಉಪನ್ಯಾಸವಾಗುವುದಿಲ್ಲ. ಅದಕ್ಕೇ ಒಂದೇ ಒಂದು ಔಷಧವನ್ನು ಹಿಡಿದು ಬಂದಿದ್ದೇನೆ. ಅದರ ಹೆಸರು ಡೆಕ್ಸಾಮೆಥಾಸೋನ್. ವಾರ್ಡಿನಲ್ಲಿ ನರ್ಸುಗಳ ಬಾಯಲ್ಲಿ ಅದು ಬರೀ 'ಡೆಕ್ಸಾ'. ಕೆಲವೇ ರೂಪಾಯಿಗೆ ಸಿಗುವ, ಯಾವ ಕಂಪನಿಯೂ ಜಾಹೀರಾತು ಕೊಡದ ಪುಟ್ಟ ವಯಲ್ ಅದು. ಅದರ ಬೆನ್ನು ಹತ್ತಿ ಹೋದರೆ ಕೀಲುವಾತದ ವೈದ್ಯರು, ಹೆರಿಗೆ ವೈದ್ಯರು, ಮಕ್ಕಳ ವೈದ್ಯರು, ಶ್ವಾಸಕೋಶದವರು, ಕೊನೆಗೆ ಮೂಗು ಮತ್ತು ಕಣ್ಣಿನ ಶಸ್ತ್ರಚಿಕಿತ್ಸಕರು ಎಲ್ಲರೂ ದಾರಿಯಲ್ಲಿ ಸಿಗುತ್ತಾರೆ. ನಡುವೆ ನಮ್ಮ ಬೆಳಗಾವಿಯೂ ಬರುತ್ತದೆ.

ಕಥೆ ಒಬ್ಬ ರೋಗಿಯಿಂದ ಶುರುವಾಗುತ್ತದೆ. 1929ರ ಏಪ್ರಿಲ್, ಅಮೆರಿಕದ ಮಿನ್ನೆಸೋಟಾದ ಮೇಯೊ ಕ್ಲಿನಿಕ್. ಕೀಲುವಾತದಿಂದ ನರಳುತ್ತಿದ್ದ ಅರವತ್ತೈದು ವರ್ಷದ ಒಬ್ಬ ರೋಗಿ, ಸ್ವತಃ ವೈದ್ಯರು, ಒಂದು ವಿಚಿತ್ರ ಸಂಗತಿ ಹೇಳಿದರು: ತಮಗೆ ಕಾಮಾಲೆಯಾದ ಮರುದಿನದಿಂದಲೇ ಕೀಲುನೋವು ಇಳಿಯತೊಡಗಿತಂತೆ. ಕೇಳಿಸಿಕೊಂಡವರು ಫಿಲಿಪ್ ಹೆಂಚ್. ಬೇರೆ ಯಾರಾದರೂ ಆಗಿದ್ದರೆ 'ಹೌದೇ, ಒಳ್ಳೆಯದಾಯಿತು' ಎಂದು ಮುಂದಿನ ರೋಗಿಯನ್ನು ಕರೆಯುತ್ತಿದ್ದರೇನೋ. ಹೆಂಚ್ ಬರೆದಿಟ್ಟುಕೊಂಡರು. ಮುಂದೆ ಅಂಥವೇ ಇನ್ನಷ್ಟು ರೋಗಿಗಳನ್ನು ಕಂಡರು, ಬಸಿರಿನಲ್ಲೂ ಹಲವು ಹೆಂಗಸರ ಕೀಲುನೋವು ಇಳಿಯುವುದನ್ನು ಗಮನಿಸಿದರು. ದೇಹವೇ ಏನನ್ನೋ ಸುರಿಸಿ ನೋವನ್ನು ತಣಿಸುತ್ತಿದೆ ಎಂದು ಊಹಿಸಿದರು. ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಜೊತೆ ಸೇರಿ ಹುಡುಕುತ್ತಾ ಹತ್ತೊಂಬತ್ತು ವರ್ಷ ಕಳೆಯಿತು. 1948ರ ಸೆಪ್ಟೆಂಬರಿನಲ್ಲಿ ಹಾಸಿಗೆಯಿಂದ ಏಳಲಾಗದ ಒಬ್ಬ ಯುವತಿಗೆ ಆ ವಸ್ತುವಿನ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. ಅದೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ನಮ್ಮ ಡೆಕ್ಸಾ ಹುಟ್ಟಿದ್ದು ಆ ದಶಕದ ಕೊನೆಯ ಭಾಗದಲ್ಲಿ, ಅದೇ ಮನೆತನದಲ್ಲಿ, ಹಲವು ಪಟ್ಟು ಹೆಚ್ಚು ಕಸುವಿನೊಂದಿಗೆ.

ಒಬ್ಬ ರೋಗಿಯ ವಿವರವನ್ನು ಬರೆದು ಪ್ರಕಟಿಸುವುದನ್ನು ವೈದ್ಯರು ಕೇಸ್ ರಿಪೋರ್ಟ್ ಎನ್ನುತ್ತಾರೆ. ಈಗಿನ ದೊಡ್ಡ ಅಧ್ಯಯನಗಳ ಕಾಲದಲ್ಲಿ ಅದಕ್ಕೆ ಹಿಂದಿನ ಮರ್ಯಾದೆ ಇಲ್ಲ. ನನಗೆ ಇದು ಸರಿಕಾಣುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲ ಹಳ್ಳಿಗಳಲ್ಲಿ ಜ್ವರ ಎದ್ದಿದೆ ಎಂದು ಯಾರೋ ಜೋಡಿಸಿ ನೋಡದಿದ್ದರೆ ಮಂಗನ ಕಾಯಿಲೆಗೆ ಹೆಸರೇ ಇರುತ್ತಿರಲಿಲ್ಲ. 1961ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ 'ಲ್ಯಾನ್ಸೆಟ್' ಪತ್ರಿಕೆಗೆ ಕೆಲವೇ ಸಾಲಿನ ಪತ್ರ ಬರೆದರು. ಥಾಲಿಡೋಮೈಡ್ ತೆಗೆದುಕೊಂಡ ತಾಯಂದಿರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟುತ್ತಿವೆ, ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ ಎಂದು ಕೇಳಿದ್ದರು. ಅಷ್ಟು ಸಣ್ಣ ಪತ್ರಕ್ಕೆ ಎಷ್ಟು ತೂಕ! ಇದೇ ಮೆಕ್‌ಬ್ರೈಡ್ ಮುಂದೆ ಇನ್ನೊಂದು ಔಷಧದ ಬಗ್ಗೆ ಮೊಲಗಳ ಮೇಲಿನ ಪ್ರಯೋಗದ ಅಂಕಿಗಳನ್ನು ತಿದ್ದಿ, 1993ರಲ್ಲಿ ವಂಚನೆ ಸಾಬೀತಾಗಿ ಪರವಾನಗಿ ಕಳೆದುಕೊಂಡರು ಎನ್ನುವುದನ್ನೂ ಹೇಳಿಬಿಡಬೇಕು. ಒಮ್ಮೆ ಸರಿ ಕಂಡ ಕಣ್ಣು ಪ್ರತಿ ಸಲವೂ ಸರಿ ಕಾಣಬೇಕೆಂದಿಲ್ಲ. ಪ್ರಕರಣವೊಂದು ಪ್ರಶ್ನೆ ಎತ್ತಬಲ್ಲದು, ಉತ್ತರ ಹೇಳಲಾರದು.

ಕಾರ್ಟಿಸೋನ್ ವಿಷಯದಲ್ಲೇ ನೋಡಿ. ಎದ್ದು ನಡೆದ ರೋಗಿಯ ಚಿತ್ರ ಲೋಕವನ್ನೆಲ್ಲ ಸುತ್ತಿತು. ತಿಂಗಳುಗಟ್ಟಲೆ ಕೊಟ್ಟಾಗ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ನಂಜು ಸುಲಭವಾಗಿ ಹತ್ತುತ್ತದೆ ಎಂಬುದು ಆ ಚಿತ್ರದಲ್ಲಿರಲಿಲ್ಲ. ಇವತ್ತಿಗೂ ನಮ್ಮ ಸಂತೆಗಳಲ್ಲಿ 'ಮಂಡಿನೋವಿಗೆ ರಾಮಬಾಣ' ಎಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಇದೇ ಮನೆತನದ ಔಷಧ, ಅಂದರೆ ಸ್ಟಿರಾಯ್ಡ್, ಬೆರೆತಿರುವುದುಂಟು. ನೋವು ಹೋಯಿತು ಎಂದು ವರ್ಷಗಟ್ಟಲೆ ನುಂಗಿದವರು ದುಂಡಗೆ ಊದಿದ ಮುಖ ಹೊತ್ತು ಒಪಿಡಿಗೆ ಬರುತ್ತಾರೆ. ಆ ಮುಖವನ್ನು ಗುರುತಿಸಲು ವೈದ್ಯಕೀಯ ವಿದ್ಯಾರ್ಥಿಗೆ ಒಮ್ಮೆ ನೋಡಿದರೆ ಸಾಕು.

ಈಗ ನ್ಯೂಜಿಲೆಂಡಿಗೆ ಹೋಗೋಣ. 1960ರ ದಶಕದಲ್ಲಿ ಆಕ್ಲೆಂಡಿನ ಹೆರಿಗೆ ವೈದ್ಯ ಗ್ರಹಾಂ ಲಿಗ್ಗಿನ್ಸ್ ಅವರಿಗೆ ಹೆರಿಗೆ ನೋವು ಯಾಕೆ ಶುರುವಾಗುತ್ತದೆ ಎಂಬುದನ್ನು ತಿಳಿಯಬೇಕಿತ್ತು. ಗಬ್ಬದ ಕುರಿಗಳಲ್ಲಿ, ಹೊಟ್ಟೆಯೊಳಗಿನ ಮರಿಗೆ ಸ್ಟಿರಾಯ್ಡ್ ಕೊಟ್ಟು ನೋಡುತ್ತಿದ್ದರು. ಕುರಿಗಳು ಬೇಗ ಈದವು, ಅದು ಅವರು ನಿರೀಕ್ಷಿಸಿದ್ದೇ. ನಿರೀಕ್ಷಿಸದಿದ್ದದ್ದು ಬೇರೆ: ಅಷ್ಟು ಬೇಗ ಹುಟ್ಟಿದ ಮರಿ ಉಸಿರು ಕಟ್ಟಿ ಸಾಯಬೇಕಿತ್ತು, ಆದರೆ ಒಂದು ಮರಿ ಉಸಿರಾಡುತ್ತಿತ್ತು. ಬಲಿಯದ ಶ್ವಾಸಕೋಶದೊಳಗೆ ಗಾಳಿ ಹೊಕ್ಕಿತ್ತು.

ಲಿಗ್ಗಿನ್ಸ್ ಇದನ್ನು ನೇರ ತಾಯಂದಿರಿಗೆ ಬಳಸಲು ಶುರು ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ಮಕ್ಕಳ ವೈದ್ಯ ರಾಸ್ ಹೋವಿ ಜೊತೆಗೂಡಿ, ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿದ್ದ 282 ತಾಯಂದಿರನ್ನು ಸೇರಿಸಿಕೊಂಡರು. ಯಾರಿಗೆ ಡೆಕ್ಸಾದ ಮನೆತನದ್ದೇ ಆದ ಬೀಟಾಮೆಥಾಸೋನ್, ಯಾರಿಗೆ ಹೋಲಿಕೆಯ ಮದ್ದು ಎಂಬುದನ್ನು ವೈದ್ಯರು ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟರು. ಇಡೀ ವಿಧಾನದ ಜೀವ ಇರುವುದು ಇಲ್ಲೇ. ವೈದ್ಯರೇ ಆರಿಸಿದರೆ ಕರುಣೆಯಿಂದಲೋ ಭಯದಿಂದಲೋ ಒಂದು ಬಗೆಯ ರೋಗಿಗಳು ಒಂದು ಕಡೆ ಸೇರಿಬಿಡುತ್ತಾರೆ, ಆಮೇಲೆ ಫಲ ಬಂದದ್ದು ಔಷಧದಿಂದಲೋ ಆಯ್ಕೆಯಿಂದಲೋ ಬಿಡಿಸಿ ಹೇಳಲಾಗುವುದಿಲ್ಲ. 1972ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟಿದ ಮೊದಲ ದಿನಗಳಲ್ಲೇ ಸತ್ತ ಶಿಶುಗಳು ಔಷಧ ಪಡೆದ ಗುಂಪಿನಲ್ಲಿ ಶೇ. 3.2, ಪಡೆಯದ ಗುಂಪಿನಲ್ಲಿ ಶೇ. 15.

ಇಂಥ ಫಲಿತಾಂಶ ಬಂದ ಮೇಲೆ ಮರುದಿನದಿಂದಲೇ ಎಲ್ಲರೂ ಬಳಸಿರಬೇಕು ಎಂದು ನೀವು ಭಾವಿಸಬಹುದು. ಇಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಮ್ಮತದ ಶಿಫಾರಸು ಮಾಡಲು 1994 ಬರಬೇಕಾಯಿತು. ಅಷ್ಟರಲ್ಲಿ ಇನ್ನೂ ಹಲವು ಪ್ರಯೋಗಗಳು ಅದೇ ಮಾತು ಹೇಳಿದ್ದವು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸುವ ಕಾಕ್ರೇನ್ ಸಂಸ್ಥೆಯ ಲಾಂಛನ ನೋಡಿದ್ದೀರಾ? ವೃತ್ತದೊಳಗೆ ಕೆಲವು ಅಡ್ಡಗೆರೆಗಳು. ಆ ಗೆರೆಗಳು ಇದೇ ಚಿಕಿತ್ಸೆಯ ಏಳು ಪ್ರಯೋಗಗಳು. ಕಣ್ಣೆದುರಿಗಿದ್ದ ಪುರಾವೆಯನ್ನು ಕೂಡಿಸಿ ನೋಡದೆ ಎಷ್ಟೋ ಶಿಶುಗಳು ಸತ್ತವು ಎಂಬುದನ್ನು ಆ ಸಂಸ್ಥೆ ತನ್ನ ಮುದ್ರೆಯಲ್ಲೇ ಕೆತ್ತಿಕೊಂಡಿದೆ.

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಆದರೆ ಆ ಪ್ರಯೋಗಗಳೆಲ್ಲ ನಡೆದದ್ದು ಬಹುತೇಕ ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ. ತಿಂಗಳು ತುಂಬದ ಮಕ್ಕಳು ಹೆಚ್ಚು ಸಾಯುವುದು ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಹಳ್ಳಿಗಳಲ್ಲಿ. ಹಾಗಾದರೆ ಈ ಅಗ್ಗದ ಇಂಜೆಕ್ಷನ್ನನ್ನು ಹಳ್ಳಿಯ ಎಎನ್‌ಎಂ ಸಿಸ್ಟರ್ ಕೈಗೇ ಕೊಟ್ಟರೆ? ಯಾರಿಗಾದರೂ ಹೊಳೆಯುವ ಯೋಚನೆಯೇ. 2014ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ಎಎನ್‌ಎಂಗಳು ಡೆಕ್ಸಾ ಕೊಡಬಹುದು ಎಂದು ಮಾರ್ಗಸೂಚಿ ಹೊರಡಿಸಿತು.

ಈ ಯೋಚನೆಯನ್ನು ಪರೀಕ್ಷಿಸಿದ ಕಡೆಗಳಲ್ಲಿ ಬೆಳಗಾವಿಯೂ ಒಂದು. ಅದರ ಹಿನ್ನೆಲೆ ಸ್ವಲ್ಪ ಹೇಳಬೇಕು, ಕನ್ನಡಿಗರಾದ ನಮಗೇ ಅದು ಹೆಚ್ಚು ಗೊತ್ತಿಲ್ಲ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಎರಡು ದಶಕಗಳಿಗೂ ಮೀರಿ ಹಳ್ಳಿಯ ತಾಯಂದಿರ ನಡುವೆ ಪ್ರಯೋಗಗಳನ್ನು ನಡೆಸುತ್ತಿದೆ. ಹೆರಿಗೆಯಾದ ಮೇಲೆ ರಕ್ತಸ್ರಾವವಾಗಿ ಬಾಣಂತಿಯರು ಸಾಯುವುದನ್ನು ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ, ಆದರೆ ಅದಕ್ಕೆ ತಂಪು ಬೇಕು, ಸೂಜಿ ಬೇಕು, ಚುಚ್ಚುವ ಅನುಮತಿ ಬೇಕು. ಬದಲಿಗೆ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರೆ? ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರಲ್ಲಿ ಪರೀಕ್ಷಿಸಿ, 2006ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು. ಅತಿಯಾದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು. ಗುಳಿಗೆ ಕೊಟ್ಟವರು ಎಎನ್‌ಎಂಗಳೇ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಪ್ರಯೋಗದ ಇನ್ನೊಂದು ಕೊಡುಗೆ ನನಗೆ ಗುಳಿಗೆಗಿಂತ ಪ್ರಿಯ. ರಕ್ತ ಎಷ್ಟು ಹೋಯಿತೆಂದು ಅಳೆಯುವುದು ಹೇಗೆ? ಬಟ್ಟೆ, ನೆಲ, ಚಾಪೆ ಎಲ್ಲ ಕಡೆ ಹರಡಿರುತ್ತದೆ, ಕಣ್ಣಂದಾಜಿನಲ್ಲಿ ಹೇಳುವುದೇ ರೂಢಿ. ಇವರು ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಆಲಿಕೆಯಂಥ ಚೀಲವಿರುವ, ಅಳತೆಯ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಕಣ್ಣಂದಾಜು ನಿಜಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು ಅದು ತೋರಿಸಿಕೊಟ್ಟಿತು. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ 'ಇ-ಮೋಟಿವ್' ಪ್ರಯೋಗದ ವರದಿ ಬಂತು. ಇಂಥದೇ ಅಳತೆಯ ಹಾಳೆ ಹಾಸಿ, ರಕ್ತಸ್ರಾವವನ್ನು ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಶುರು ಮಾಡಿದಾಗ ತೀವ್ರ ರಕ್ತಸ್ರಾವ, ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಸಾವು ಇವೆಲ್ಲ ಸೇರಿ ಶೇ. 60ರಷ್ಟು ತಗ್ಗಿದ್ದವು. ಒಂದು ಪ್ಲಾಸ್ಟಿಕ್ ಹಾಳೆ!

ಮಿಸೊಪ್ರೊಸ್ಟಾಲ್ ಪ್ರಯೋಗದಲ್ಲಿ ಅರ್ಧದಷ್ಟು ತಾಯಂದಿರಿಗೆ ಕೊಟ್ಟದ್ದು ಔಷಧವಿಲ್ಲದ ಹುಸಿ ಗುಳಿಗೆ. ಇದು ನ್ಯಾಯವೇ ಎಂಬ ಚರ್ಚೆ ಆಗಲೂ ನಡೆಯಿತು. ಆ ಹಳ್ಳಿಗಳಲ್ಲಿ ಅದಕ್ಕೆ ಮುಂಚೆ ಯಾವ ಔಷಧವೂ ಸಿಗುತ್ತಿರಲಿಲ್ಲ, ಹಾಗಾಗಿ ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ ಎಂಬುದು ಸಮರ್ಥನೆ. ಆ ಸಮರ್ಥನೆಯನ್ನು ನಾನು ಒಪ್ಪುತ್ತೇನೆ, ಪೂರ್ತಿ ನೆಮ್ಮದಿಯಿಂದಲ್ಲ.

ಸರಿ, ಡೆಕ್ಸಾಗೆ ಮರಳೋಣ. ಹಳ್ಳಿಯ ಮಟ್ಟದಲ್ಲಿ ಅದನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಆರು ದೇಶಗಳಲ್ಲಿ ಪರೀಕ್ಷಿಸಿದರು: ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನ, ಭಾರತ. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ. ಪ್ರಯೋಗದ ಹೆಸರು 'ಆಕ್ಟ್'. ಇಲ್ಲಿ ಚೀಟಿ ಎತ್ತಿದ್ದು ಊರುಗಳ ಗುಂಪುಗಳಿಗೆ. ಕೆಲವು ಪ್ರದೇಶಗಳ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ, ಔಷಧದ ಕಿಟ್, ಬಸಿರಿನ ವಾರ ಅಂದಾಜಿಸಲು ಬಣ್ಣದ ಗುರುತಿನ ಟೇಪು ಸಿಕ್ಕಿದವು. ಉಳಿದ ಪ್ರದೇಶಗಳಲ್ಲಿ ಎಂದಿನ ಆರೈಕೆ. ಲಕ್ಷಕ್ಕೆ ಸಮೀಪದ ಹೆರಿಗೆಗಳು. ಫಲಿತಾಂಶ 2014ರ ಅಕ್ಟೋಬರಿನಲ್ಲಿ ಬಂತು. ಮಾರ್ಗಸೂಚಿ ಬಂದದ್ದೂ ಅದೇ ವರ್ಷ ಎಂಬುದನ್ನು ನೆನಪಿಟ್ಟುಕೊಳ್ಳಿ.

ತೀರ ಚಿಕ್ಕದಾಗಿ ಹುಟ್ಟಿದ ಮಕ್ಕಳಿಗೆ ಲಾಭ ಕಾಣಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದರೆ, ಔಷಧ ಕೊಟ್ಟ ಪ್ರದೇಶಗಳಲ್ಲಿ ಸಾವಿರಕ್ಕೆ 27.4 ನವಜಾತ ಶಿಶುಗಳು ಸತ್ತಿದ್ದವು, ಕೊಡದ ಪ್ರದೇಶಗಳಲ್ಲಿ 23.9. ತಾಯಂದಿರಲ್ಲಿ ನಂಜಿನ ಶಂಕೆಯೂ ಹೆಚ್ಚಿತ್ತು. ನಲವತ್ತು ವರ್ಷಗಳಿಂದ ಜೀವ ಉಳಿಸುತ್ತದೆಂದು ಸಾಬೀತಾಗಿದ್ದ ಔಷಧ, ಒಳ್ಳೆಯ ಉದ್ದೇಶದಿಂದ ಹಳ್ಳಿಗೆ ಒಯ್ದಾಗ ಸಾವಿರ ಮಕ್ಕಳಲ್ಲಿ ಮೂರು ನಾಲ್ಕು ಹೆಚ್ಚು ಸಾವುಗಳ ಜೊತೆ ಕಾಣಿಸಿಕೊಂಡಿತು.

ಏಕೆ? ಪೂರ್ತಿ ಕಾರಣ ಯಾರೂ ಬಿಡಿಸಿಲ್ಲ. ಕೆಲವು ಎಳೆಗಳು ಮಾತ್ರ ಸ್ಪಷ್ಟ. ಟೇಪಿನ ಅಳತೆಯಲ್ಲಿ ವಾರ ತಪ್ಪುತ್ತದೆ. ಇಂಜೆಕ್ಷನ್ ಪಡೆದ ತಾಯಂದಿರಲ್ಲಿ ಹೆಚ್ಚಿನವರಿಗೆ ಕೊನೆಗೆ ಹುಟ್ಟಿದ್ದು ತೀರ ಚಿಕ್ಕ ಮಗುವಲ್ಲ, ಆ ಔಷಧ ಬೇಕಿಲ್ಲದ ಮಗು. ನಿಜಕ್ಕೂ ಬೇಕಿದ್ದ ಮಗುವಿಗಾದರೂ ಇಂಜೆಕ್ಷನ್ ಒಂದೇ ಸಾಲದು. ಹುಟ್ಟಿದ ಮೇಲೆ ಬೆಚ್ಚಗಿಡಬೇಕು, ಆಮ್ಲಜನಕ ಬೇಕು, ಹಾಲು ಕುಡಿಸಲು ನೆರವು ಬೇಕು, ನಂಜಾದರೆ ತಕ್ಷಣ ಚಿಕಿತ್ಸೆ ಬೇಕು. ಆಕ್ಲೆಂಡಿನ ಪ್ರಯೋಗ ಡೆಕ್ಸಾದ ಮನೆತನದ ಔಷಧವೊಂದನ್ನು ಪರೀಕ್ಷಿಸಿತ್ತು ಎಂದು ನಾವು ತಿಳಿದಿದ್ದೆವು. ಅದು ಔಷಧದ ಜೊತೆಗೆ ಆಕ್ಲೆಂಡಿನ ಆ ಇಡೀ ಆಸ್ಪತ್ರೆಯನ್ನೂ ಪರೀಕ್ಷಿಸಿತ್ತು.

ಆಕ್ಟ್ ಪ್ರಯೋಗ ಮಾಡಿದವರ ಬಗ್ಗೆ ನನಗೆ ಅಪಾರ ಗೌರವ. ಒಳ್ಳೆಯದೆಂದು ತಾವೇ ನಂಬಿದ್ದನ್ನು ಪರೀಕ್ಷೆಗೊಡ್ಡಿ, ಬಂದ ಕೆಟ್ಟ ಸುದ್ದಿಯನ್ನು ಮುಚ್ಚಿಡದೆ ಹೇಳಿದರು. ಪ್ರಯೋಗವೇ ಬೇಡ, ಇಷ್ಟು ಪುರಾವೆ ಸಾಕು ಎಂದು ನೇರ ಯೋಜನೆ ಜಾರಿ ಮಾಡಿದ್ದರೆ ಈ ಹೆಚ್ಚುವರಿ ಸಾವುಗಳು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಹಳ್ಳಿಯಲ್ಲಿ ಕೂಸು ಸತ್ತರೆ ವಿಧಿ ಎಂದು ಮಣ್ಣು ಮಾಡಿ ಬರುತ್ತಾರೆ, ಇಂಜೆಕ್ಷನ್ ಮೇಲೆ ಯಾರು ಶಂಕೆ ಪಡುತ್ತಾರೆ?

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಷರತ್ತುಗಳನ್ನು ಹಾಕಿತು: ಬಸಿರಿನ ವಾರ ಖಚಿತವಾಗಿ ಗೊತ್ತಿರಬೇಕು, ಹೆರಿಗೆ ಸನ್ನಿಹಿತವಾಗಿರಬೇಕು, ತಾಯಿಗೆ ನಂಜಿರಬಾರದು, ಹೆರಿಗೆಗೂ ಮಗುವಿಗೂ ತಕ್ಕ ಆರೈಕೆ ಅಲ್ಲೇ ಇರಬೇಕು. ಆದರೂ ಗೊಂದಲ ಉಳಿಯಿತು. ಬಡ ದೇಶಗಳಲ್ಲಿ ಇದನ್ನು ಕೈಬಿಡುವುದೇ ಲೇಸೇ? ಅದಕ್ಕಾಗಿ 'ಆಕ್ಷನ್' ಎಂಬ ಮತ್ತೊಂದು ಪ್ರಯೋಗ. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳು, 2852 ತಾಯಂದಿರು. ಬೆಳಗಾವಿಯ ವೈದ್ಯರು ಇದರಲ್ಲೂ ಇದ್ದರು. ಈ ಸಲ ಟೇಪಿನ ಬದಲು ಸ್ಕ್ಯಾನಿಂಗ್, ಮನೆ ಬಾಗಿಲ ಬದಲು ಆಸ್ಪತ್ರೆ. ಅದೇ ಡೆಕ್ಸಾ, ಅದೇ ಆರು ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ ನಾಲ್ಕು ಸಲ. ನವಜಾತ ಶಿಶುಗಳ ಸಾವು ಶೇ. 23.5ರಿಂದ 19.6ಕ್ಕೆ ಇಳಿಯಿತು. ಲಾಭ ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 25 ತಾಯಂದಿರಿಗೆ ಕೊಟ್ಟರೆ ಒಂದು ಮಗು ಹೆಚ್ಚು ಬದುಕುತ್ತದೆ ಎಂದು ಲೆಕ್ಕ.

ಇದು ಪ್ರಕಟವಾದದ್ದು 2020ರಲ್ಲಿ. ಆ ವರ್ಷ ಡೆಕ್ಸಾದ ಹೆಸರು ಮನೆಮನೆಗೂ ತಲುಪಿದ್ದು ಬೇರೆ ಕಾರಣಕ್ಕೆ. ಜೂನ್ 16ರಂದು ಬ್ರಿಟನ್ನಿನ 'ರಿಕವರಿ' ಪ್ರಯೋಗದ ಸುದ್ದಿ ಬಂತು: ಕೋವಿಡ್‌ನಲ್ಲಿ ಡೆಕ್ಸಾ ಜೀವ ಉಳಿಸುತ್ತದೆ! ನಮ್ಮ ಟೀವಿ ಪರದೆಗಳ ತುಂಬ ಅದೇ. ಸುಳ್ಳಲ್ಲ. ವೆಂಟಿಲೇಟರಿನಲ್ಲಿದ್ದವರ ಸಾವು ಶೇ. 41.4ರಿಂದ 29.3ಕ್ಕೆ ಇಳಿದಿತ್ತು. ಬರೀ ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಮೂರನೇ ಸಾಲು ಒಂದಿತ್ತು, ಅದನ್ನು ಓದಿದವರು ಕಡಿಮೆ. ಆಮ್ಲಜನಕವೇ ಬೇಕಿಲ್ಲದವರಲ್ಲಿ ಡೆಕ್ಸಾ ಪಡೆದವರ ಸಾವು ಶೇ. 17.8, ಪಡೆಯದವರದು 14. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು, ಆದರೆ ಲಾಭವಂತೂ ಇರಲಿಲ್ಲ. ಕಾರಣ ಅರ್ಥವಾಗುವಂಥದೇ. ಮೊದಲ ದಿನಗಳಲ್ಲಿ ವೈರಸ್ಸಿನ ಜೊತೆ ದೇಹ ಕಾದಾಡಬೇಕು, ಆಗ ಸ್ಟಿರಾಯ್ಡ್ ಕೊಟ್ಟರೆ ದೇಹದ ಕೈಕಟ್ಟಿದಂತೆ. ಆಮೇಲಿನ ಹಂತದಲ್ಲಿ ದೇಹದ ರೋಷವೇ ಶ್ವಾಸಕೋಶವನ್ನು ಸುಡುತ್ತಿರುತ್ತದೆ, ಆಗ ಅದನ್ನು ತಣಿಸಬೇಕು.

ನಮ್ಮಲ್ಲಿ ಆದದ್ದೇನು? ಜ್ವರದ ಎರಡನೇ ದಿನವೇ ವಾಟ್ಸಾಪಿನಲ್ಲಿ ಬಂದ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಸ್ಟಿರಾಯ್ಡ್ ತಂದು ನುಂಗಿದರು. ಹತ್ತು ದಿನ ಸಾಕೆಂದಿದ್ದನ್ನು ವಾರಗಟ್ಟಲೆ ಎಳೆದರು, ಸಕ್ಕರೆ ಕಾಯಿಲೆ ಇದ್ದವರೂ ಸಕ್ಕರೆ ನೋಡಿಸಿಕೊಳ್ಳಲಿಲ್ಲ. 2020ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಭಾರತದ 16 ಆಸ್ಪತ್ರೆಗಳು ಲೆಕ್ಕವಿಟ್ಟ 287 ಮ್ಯೂಕರ್ ಶಿಲೀಂಧ್ರ ರೋಗಿಗಳಲ್ಲಿ 187 ಮಂದಿ ಕೋವಿಡ್ ಹಿನ್ನೆಲೆಯವರು. ಸ್ಟಿರಾಯ್ಡನ್ನು ಬೇಕಾಬಿಟ್ಟಿ ಬಳಸಿದ್ದೂ ಆ ಅಧ್ಯಯನದಲ್ಲಿ ಒಂದು ಕಾರಣವಾಗಿ ಕಂಡಿತು. ಇದು ಎರಡನೇ ಅಲೆಗೆ ಮುಂಚಿನ ಮಾತು. 2021ರ ಮೇ ತಿಂಗಳ 'ಬ್ಲ್ಯಾಕ್ ಫಂಗಸ್' ವಾರ್ಡುಗಳನ್ನು ನಾನು ಬಣ್ಣಿಸಬೇಕಿಲ್ಲ. ಕೋವಿಡ್‌ನಿಂದ ಬದುಕಿ ಮನೆಗೆ ಹೋದವರು ಕೆನ್ನೆ ಊದಿಸಿಕೊಂಡು ಮರಳಿದರು. ಇಎನ್‌ಟಿ ವೈದ್ಯರು ಮೂಗಿನೊಳಗಿನ ಕಪ್ಪನ್ನು ಕೆರೆದರು, ಕಣ್ಣಿನ ವೈದ್ಯರು ಜೀವ ಉಳಿಸಲು ಕಣ್ಣುಗುಡ್ಡೆ ತೆಗೆದರು. ಶಿಲೀಂಧ್ರವನ್ನು ಕೊಲ್ಲುವ ಆಂಫೊಟೆರಿಸಿನ್ ಇಂಜೆಕ್ಷನ್ನಿಗೆ ಜನ ಊರೂರು ಅಲೆದರು.

ಅದೇ ಕಾಲದಲ್ಲಿ, ಕೋವಿಡ್ ಗುಣವಾದವರ ರಕ್ತದ 'ಪ್ಲಾಸ್ಮಾ ಬೇಕು' ಎಂಬ ಕೂಗೂ ಎದ್ದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷಿಸಿ, ಪ್ಲಾಸ್ಮಾದಿಂದ ರೋಗ ಉಲ್ಬಣಿಸುವುದೂ ಸಾವೂ ತಗ್ಗುವುದಿಲ್ಲ ಎಂದು 2020ರಲ್ಲೇ ಹೇಳಿತ್ತು. ಚಿಕಿತ್ಸಾ ಮಾರ್ಗಸೂಚಿಯಿಂದ ಅದನ್ನು ತೆಗೆದದ್ದು 2021ರ ಮೇ ತಿಂಗಳಲ್ಲಿ. ನಮ್ಮದೇ ದೇಶದ, ನಮ್ಮದೇ ಸಂಸ್ಥೆಯ ಉತ್ತರ ನಮ್ಮ ಕಿವಿಗೆ ಬೀಳಲು ತಿಂಗಳುಗಳೇ ಬೇಕಾದವು.

ಸಭಿಕರಲ್ಲಿ ಹೆಚ್ಚಿನವರು ವೈದ್ಯರಲ್ಲ. ನಾಳೆ ಪತ್ರಿಕೆಯಲ್ಲಿ 'ಹೊಸ ಸಂಶೋಧನೆ' ಎಂಬ ತಲೆಬರಹ ಕಂಡಾಗ ಔಷಧದ ಹೆಸರಿನ ಮುಂದೆ ಕೇಳಬೇಕಾದ್ದು ಇಷ್ಟೇ: ಯಾರಿಗೆ ಕೊಟ್ಟರು, ಕಾಯಿಲೆಯ ಯಾವ ಹಂತದಲ್ಲಿ, ಎಂಥ ಆಸ್ಪತ್ರೆಯಲ್ಲಿ, ಯಾವುದಕ್ಕೆ ಹೋಲಿಸಿ. ನಿಮ್ಮ ಮನೆಯವರನ್ನೇ ಪ್ರಯೋಗಕ್ಕೆ ಸೇರಿಸಿಕೊಳ್ಳಲು ಆಸ್ಪತ್ರೆಯವರು ಕೇಳಿದರೆ, ಸಮ್ಮತಿ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿ ಪಡೆಯಿರಿ, ಮನೆಗೆ ಒಯ್ದು ಓದಿ, ಬೇಡವೆನಿಸಿದರೆ ಬೇಡ ಎನ್ನಿ. ನಡುವೆ ಹೊರಬರುವ ಹಕ್ಕೂ ನಿಮಗಿದೆ. ಪ್ರಯೋಗ ನೋಂದಣಿಯಾಗಿದೆಯೇ ಎಂದೂ ಕೇಳಿ. 2007ರಲ್ಲಿ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆ ಶುರುವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಎಲ್ಲವೂ ಇಂಗ್ಲಿಷಿನಲ್ಲಿ.

ಇದೇ ನನ್ನ ಕೊನೆಯ ಮಾತು, ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರಿಗೆ ಒಂದು ಸಲಹೆಯೂ ಹೌದು. ಬೆಳಗಾವಿಯ ಆ 1620 ತಾಯಂದಿರ, ಆಕ್ಟ್ ಮತ್ತು ಆಕ್ಷನ್ ಪ್ರಯೋಗಗಳಲ್ಲಿದ್ದ ನಮ್ಮ ತಾಯಂದಿರ ದೇಹದಿಂದ ಬಂದ ಉತ್ತರಗಳು ಲೋಕದ ಮಾರ್ಗಸೂಚಿಗಳನ್ನು ರೂಪಿಸಿವೆ. ಅವರಲ್ಲಿ ಕೆಲವರಿಗೆ ಸಿಕ್ಕಿದ್ದು ಹುಸಿ ಮದ್ದು, ಕೆಲವರು ಕೂಸನ್ನು ಕಳೆದುಕೊಂಡರು. ಕೊನೆಗೆ ಏನು ತಿಳಿಯಿತು ಎಂಬುದು ಅಚ್ಚಾದದ್ದು ಲಂಡನ್ ಮತ್ತು ಬಾಸ್ಟನ್ನಿನ ಪತ್ರಿಕೆಗಳಲ್ಲಿ. ಕರ್ನಾಟಕದಲ್ಲಿ ನಡೆದು ಮುಗಿದ ಪ್ರತಿ ದೊಡ್ಡ ಪ್ರಯೋಗದ ಫಲಿತಾಂಶವನ್ನು ಕನ್ನಡದಲ್ಲಿ, ಬೆಳಗಾವಿಯಂಥ ಕಡೆ ಮರಾಠಿಯಲ್ಲೂ, ಒಂದೇ ಪುಟದಲ್ಲಿ ಬರೆಸಿ, ಅದು ನಡೆದ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸುವ ಕೆಲಸವನ್ನು ಈ ದತ್ತಿ ಕೈಗೆತ್ತಿಕೊಳ್ಳಬಹುದು. ಖರ್ಚು ಹೆಚ್ಚಿಲ್ಲ. ಮೊದಲ ಪುಟ ಬರೆದುಕೊಡಲು ನಾನು ಸಿದ್ಧ.